ಬಾಲವಿಲ್ಲದ ರಿಪೋರ್ಟು

ಜಗತ್ತಿನಲ್ಲಿ ಬಾಲ ಬೆಳೆಸಿ ಹೆಸರು ಮಾಡಿದವರು ಇಬ್ಬರೇ. ಒಬ್ಬ ಲಂಕೆ ಸುಟ್ಟ. ಇನ್ನೊಬ್ಬರು ಹಲ್ಲಿನ ಆಸ್ಪತ್ರೆಯ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ, ಮೈಕ್ರೋಸ್ಕೋಪಿನ ಮುಂದೆ, ಮೂವತ್ತೊಂದು ವರ್ಷ ಬೆನ್ನು ಬಗ್ಗಿಸಿ ಕೂತರು.

ಮೊದಲನೆಯವನ ಬಾಲ ಬೆನ್ನಿಗಿತ್ತು. ಎರಡನೆಯವರದು ಅವರು ಬರೆಯುವ ರಿಪೋರ್ಟಿಗಿತ್ತು. ದವಡೆಯ ಮೂಳೆಯಲ್ಲಿ ಎದ್ದ ಯಾವ ಗಂಟಿನ ಚೂರನ್ನು ಕಳಿಸಿದರೂ ಅವರು ರೋಗದ ಹೆಸರನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಿದ್ದರು. ಆಮೇಲೆ ಶುರುವಾಗುತ್ತಿತ್ತು ಬಾಲ. 'ಎಕ್ಸ್‌ರೇ ಜೊತೆ ತಾಳೆ ನೋಡುವುದು. ಸುತ್ತಲಿನ ಹಲ್ಲುಗಳಿಗೆ ಜೀವವಿದೆಯೇ ಎಂದು ಪರೀಕ್ಷಿಸುವುದು. ರಕ್ತದ ಕ್ಯಾಲ್ಸಿಯಂ ನೋಡುವುದು. ಆರು ತಿಂಗಳ ನಂತರ ಮತ್ತೊಮ್ಮೆ ಕರೆಸುವುದು. ಅನುಮಾನವಿದ್ದರೆ ನನ್ನನ್ನು ಕೇಳುವುದು. ಅನುಮಾನ ಇಲ್ಲದಿದ್ದರೂ ಕೇಳುವುದು.'

ಒಮ್ಮೆ ಅವರ ರಿಪೋರ್ಟು ಮೆಟ್ಟಿಲಿಳಿದು ಬರುವಾಗ ತಲೆ ಕೆಳಗಿನ ಹೊರರೋಗಿಗಳ ವಿಭಾಗಕ್ಕೆ ಮುಟ್ಟಿದ್ದರೂ ಬಾಲ ಇನ್ನೂ ಮೂರನೇ ಮಹಡಿಯ ಮೇಜಿನ ಮೇಲೇ ಇತ್ತೆಂದು ಹೇಳುವವರಿದ್ದಾರೆ. ಸಹೋದ್ಯೋಗಿಯ ಮದುವೆಯ ಉಡುಗೊರೆಯ ಮೇಲೆ 'ಸುಖವಾಗಿ ಬಾಳಿ. ಒಂದು ವರ್ಷದ ನಂತರ ಮರುಪರಿಶೀಲಿಸುವುದು' ಎಂದು ಬರೆದರಂತೆ. ತರಕಾರಿ ತರಲು ಹೆಂಡತಿ ಚೀಟಿ ಬರೆಸಿದರೆ 'ಬದನೆಕಾಯಿ ಅರ್ಧ ಕಿಲೋ. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಸ್ಥಿತಿ ಹೇಳಲಾಗದು' ಎಂದು ಬರೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಆದರೆ ಕಂಡವರನ್ನು ಕಂಡಿದ್ದೇನೆ. ಹೀಗಾಗಿ ಅವರಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ಬಾಲದ ಡಾಕ್ಟರು. ಜವಾನನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಎದುರಿಗೆ ಮಾತ್ರ 'ಸರ್'.

ಬಾಲ ಸುಮ್ಮನೆ ಬೆಳೆದದ್ದಲ್ಲ. ದವಡೆಯ ಮೂಳೆ ಒಂದು ವಿಚಿತ್ರ ಪ್ರದೇಶ. ಮೈಯಲ್ಲಿ ಬೇರೆ ಯಾವ ಮೂಳೆಗೂ ಇಲ್ಲದ ಒಂದು ಉಸಾಬರಿ ಅದಕ್ಕಿದೆ: ಹಲ್ಲು ಹುಟ್ಟಿಸುವುದು. ಆ ಕೆಲಸದಲ್ಲಿ ಅಳಿದುಳಿದ ಸಾಮಾನು, ಮನೆ ಕಟ್ಟಿದವರು ಹಿತ್ತಿಲಲ್ಲಿ ಬಿಟ್ಟುಹೋದ ಜಲ್ಲಿ ಮರಳಿನ ಹಾಗೆ ಒಳಗೇ ಬಿದ್ದಿರುತ್ತದೆ. ಯಾವಾಗಲೋ ಮನಸ್ಸು ಬಂದಾಗ ಗಂಟಾಗಿ ಏಳುತ್ತದೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ಸಾಧು ಪ್ರಾಣಿಗಳು. ಹರಡುವುದಿಲ್ಲ, ಕೊಲ್ಲುವುದಿಲ್ಲ. ತೊಂದರೆ ಏನೆಂದರೆ ಎಲ್ಲವೂ ಒಬ್ಬನೇ ದರ್ಜಿಯ ಹತ್ತಿರ ಅಂಗಿ ಹೊಲಿಸಿಕೊಂಡಿರುತ್ತವೆ. ಕೆಳಗಿನ ಮುಂಬಲ್ಲುಗಳ ಬೇರಿನ ತುದಿಯಲ್ಲಿ ಕಪ್ಪು ಮಚ್ಚೆಯೊಂದು ಕಾಣುತ್ತದೆ. ಅದಕ್ಕೆ ಏನೂ ಮಾಡಬಾರದು, ಸುಮ್ಮನೆ ಬಿಟ್ಟರೆ ಕೆಲವು ವರ್ಷಗಳಲ್ಲಿ ತಾನೇ ಬೆಳ್ಳಗಾಗಿ ಮೂಲೆ ಹಿಡಿದು ಕೂರುತ್ತದೆ. ತಿಳಿಯದವರು ಕೀವೆಂದುಕೊಂಡು ನಾಲ್ಕು ಗಟ್ಟಿ ಹಲ್ಲು ಕಿತ್ತು ಕೈಗೆ ಕೊಡುತ್ತಾರೆ. ಇನ್ನೊಂದು ಮಚ್ಚೆಯನ್ನು ಸರ್ಜನ್ ಕೊರೆದು ನೋಡಿದರೆ ಒಳಗೆ ಬರೀ ಪೊಳ್ಳು. ಗುಡ್ಡ ಅಗೆದರೆ ಇಲಿಯಾದರೂ ಸಿಗುತ್ತದೆ, ಇಲ್ಲಿ ಅದೂ ಇಲ್ಲ. ಹೊಲಿಗೆ ಹಾಕಿ ಬಂದರೆ, ಗುಟ್ಟು ಬಯಲಾದ ನಾಚಿಕೆಗೋ ಏನೋ, ಆ ಪೊಳ್ಳು ತಾನಾಗಿಯೇ ತುಂಬಿಕೊಳ್ಳುತ್ತದೆ. ಇಂಥ ಕಳ್ಳಸಾಧುಗಳ ಸಂತೆಯಲ್ಲಿ ರೋಗದ ಹೆಸರು ಹೇಳುವುದು ಅರ್ಧ ವಿದ್ಯೆ. ಮುಂದೆ ಏನನ್ನು ನೋಡಬೇಕು, ಏನನ್ನು ಮುಟ್ಟಬಾರದು ಎಂದು ಹೇಳುವುದು ಉಳಿದರ್ಧ. ಆ ಉಳಿದರ್ಧವೇ ಬಾಲ.

ಈ ಬಾಲಕ್ಕೆ ಒಬ್ಬ ಶತ್ರು ಇದ್ದ. ಅವನೇ ಅದರ ಪ್ರಾಣಮಿತ್ರ. ದವಡೆ ಸರ್ಜನ್. ಡಾಕ್ಟರೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ತಟ್ಟೆಯಲ್ಲಿ ತಿಂದವರು. ಅವನಿಗೆ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಪ್ರತಿ ಸೋಮವಾರ ಬೆಳಿಗ್ಗೆ ಎರಡನೇ ಮಹಡಿಯಲ್ಲಿ ಸ್ಲೈಡು ನೋಡುವ ಸಭೆ. ಹನ್ನೆರಡು ಕುರ್ಚಿ, ಒಂದು ಪ್ರೊಜೆಕ್ಟರು, ಹಾಲಿಗಿಂತ ನೀರು ಹೆಚ್ಚಿದ್ದ ಟೀ. ಸರ್ಜನ್ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, ಬಾಲದ ಡಾಕ್ಟರ ರಿಪೋರ್ಟನ್ನು ಡಂಗುರ ಸಾರುವವನ ದನಿಯಲ್ಲಿ ಓದುತ್ತಿದ್ದ. ಅರ್ಧ ಓದುವಷ್ಟರಲ್ಲಿ ಹನ್ನೆರಡು ಕುರ್ಚಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ಒಂದು ಸೋಮವಾರ ಅವನು ಜೇಬಿನಿಂದ ಸ್ಕೇಲು ತೆಗೆದು ಅಳೆದೇಬಿಟ್ಟ.

"ತಲೆ ಒಂದು ಸೆಂಟಿಮೀಟರು. ಬಾಲ ಹನ್ನೊಂದು! ಲೋ, ನಿನ್ನ ರಿಪೋರ್ಟು ಓದೋಕೆ ನಾನು ಆಪರೇಷನ್ ಮುಂದಕ್ಕೆ ಹಾಕ್ಬೇಕಾಗುತ್ತೆ ಕಣೋ. ಧೈರ್ಯ ಇಲ್ಲದವರು ಮಾತ್ರ ಇಷ್ಟುದ್ದ ಬರೀತಾರೆ."

ಬಾಲದ ಡಾಕ್ಟರೂ ಎಲ್ಲರ ಜೊತೆ ನಕ್ಕರು. ನಗದೆ ಏನು ಮಾಡುವುದು? ನಗುವವರ ಮುಂದೆ ಜಾರಿ ಬಿದ್ದವನು ತಾನೂ ನಕ್ಕು ಎದ್ದರೆ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತದೆ. ಆದರೆ 'ಧೈರ್ಯ ಇಲ್ಲದವರು' ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತು. ನುಂಗಲೂ ಆಗದು, ಉಗುಳಲೂ ಆಗದು.

ಅದಾದ ಮರುದಿನ ಮಂಗಳವಾರ. ಲ್ಯಾಬಿನಕ್ಕ ಒಂದು ಸ್ಲೈಡು ತಂದಿಟ್ಟರು. ಲ್ಯಾಬಿನಕ್ಕ ಎಂದರೆ ಕಲ್ಲಿನಂಥ ಮೂಳೆಯನ್ನು ಆಸಿಡ್ಡಿನಲ್ಲಿ ವಾರಗಟ್ಟಲೆ ನೆನೆಹಾಕಿ, ದಿನಕ್ಕೊಮ್ಮೆ ಸೂಜಿ ಚುಚ್ಚಿ ನೋಡಿ, 'ಇನ್ನೂ ಬೆಂದಿಲ್ಲ ಸರ್' ಎಂದು ಅಡುಗೆಯವರ ಗತ್ತಿನಲ್ಲಿ ಹೇಳುವ ಹೆಂಗಸು. ಆವತ್ತಿನದು ಬೇಯಿಸುವ ತಂಟೆಯಿಲ್ಲದ ಮೆತ್ತನೆಯ ಕಂದು ಚೂರು. ಜೊತೆಗೆ ಬಂದ ಫಾರಮಿನಲ್ಲಿ ಇದ್ದದ್ದು ಇಷ್ಟೇ: ಹೆಂಗಸು, ಮೂವತ್ತೆಂಟು ವರ್ಷ, ಕೆಳದವಡೆಯ ಎಡಗಡೆ ಊತ. ಬೇರೆ ಕಾಯಿಲೆಗಳು ಎಂಬ ಜಾಗ ಖಾಲಿ. ಸರ್ಜನ್‌ಗೆ ಬರೆಯಲು ಪುರುಸೊತ್ತಿರಲಿಲ್ಲ.

ಡಾಕ್ಟರು ಕಣ್ಣಿಟ್ಟರು. ಎರಡೇ ನಿಮಿಷ. ದೊಡ್ಡ ದೊಡ್ಡ ದೈತ್ಯಕೋಶಗಳು, ಒಂದೊಂದರ ಹೊಟ್ಟೆಯಲ್ಲೂ ಇಪ್ಪತ್ತು ಮೂವತ್ತು ಕೇಂದ್ರಗಳು. ಒಂದೇ ಮನೆಯಲ್ಲಿ ಇಪ್ಪತ್ತು ಅಡುಗೆಮನೆ ಇದ್ದ ಹಾಗೆ. ದೈತ್ಯಕೋಶಗಳ ಗಂಟು. ಅಪರೂಪದ್ದು, ಆದರೆ ಸಾಧು. ಕೆರೆದು ತೆಗೆದರೆ ಸಾಮಾನ್ಯವಾಗಿ ಮುಗಿಯಿತು.

ಆದರೆ ಈ ಗಂಟಿಗೆ ಒಂದು ಅವಳಿ ಇದೆ. ಕುತ್ತಿಗೆಯಲ್ಲಿ ಹೆಸರುಕಾಳಿನಷ್ಟು ಸಣ್ಣ ಗ್ರಂಥಿಗಳು ನಾಲ್ಕಿವೆ. ಅವುಗಳಲ್ಲೊಂದಕ್ಕೆ ತಲೆ ತಿರುಗಿತೆಂದರೆ ಅದು ಮೂಳೆಗಳಲ್ಲಿದ್ದ ಕ್ಯಾಲ್ಸಿಯಮ್ಮನ್ನೆಲ್ಲ ರಕ್ತಕ್ಕೆ ಎಳೆದು ಹಾಕತೊಡಗುತ್ತದೆ. ಹಾಗೆ ಸೊರಗಿದ ಮೂಳೆಯಲ್ಲೂ ಇದೇ ಗಂಟು ಏಳುತ್ತದೆ, ಇದೇ ದೈತ್ಯರು, ಇದೇ ಇಪ್ಪತ್ತು ಅಡುಗೆಮನೆ. ಮೈಕ್ರೋಸ್ಕೋಪಿನಲ್ಲಿ ಎರಡನ್ನೂ ಬೇರೆ ಮಾಡಲು ಬ್ರಹ್ಮನಿಗೂ ಆಗದು. ಒಂದು ಚಮಚ ರಕ್ತ ತೆಗೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಈ ವಿದ್ಯೆಯಲ್ಲಿ ಅಂಬೆಗಾಲಿಡುವವರಿಗೂ ತಿಳಿದ ವಿಷಯ ಇದು. ಬಾಲದ ಡಾಕ್ಟರಂತೂ ಇದನ್ನು ವಿದ್ಯಾರ್ಥಿಗಳಿಗೆ ಹನ್ನೆರಡು ವರ್ಷ ಹೇಳಿಕೊಟ್ಟಿದ್ದರು.

ಅವರು ಹೆಸರು ಬರೆದರು. ಪೆನ್ನು ಅಭ್ಯಾಸಬಲದಿಂದ ಕೆಳಗಿನ ಸಾಲಿಗೆ ಇಳಿಯಿತು. 'ರಕ್ತದ' ಎಂಬುದರ ಮೊದಲ ಅಕ್ಷರದ ಸೊನ್ನೆ ಸುತ್ತುವಷ್ಟರಲ್ಲಿ ಸ್ಕೇಲು ಕಣ್ಣ ಮುಂದೆ ಬಂತು. ನೂರರಲ್ಲಿ ತೊಂಬತ್ತೈದು ಸಲ ಆ ಅವಳಿ ಇರುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಹೊಸ ಹಾಳೆ ತೆಗೆದುಕೊಂಡು, ಹೆಸರೊಂದನ್ನೇ ಬರೆದು, ಸಹಿ ಹಾಕಿದರು.

ಸಂಜೆ ಸರ್ಜನ್ ಮೆಟ್ಟಿಲು ಹತ್ತಿಕೊಂಡೇ ಬಂದ. "ಬಾಲ ಕತ್ತರಿಸಿಬಿಟ್ಟಿದ್ದೀಯಲ್ಲೋ! ಇವತ್ತು ಮನುಷ್ಯ ಆದೆ ನೋಡು!" ಮುಂದಿನ ಸೋಮವಾರ ಆ ಒಂದು ಸಾಲನ್ನು ಸಭೆಯಲ್ಲಿ ಓದಿದ, ಹನ್ನೆರಡು ಕುರ್ಚಿ ಚಪ್ಪಾಳೆ ತಟ್ಟಿದವು. ಬಾಲದ ಡಾಕ್ಟರು ಆವತ್ತು ಕಿರೀಟ ಹೊತ್ತವರ ಹಾಗೆ ಮನೆಗೆ ಹೋದರು. ಕಿರೀಟ ಬಾಗಿಲಿಗೆ ತಗಲೀತೆಂದು ತಲೆ ಬಗ್ಗಿಸಿ ಒಳಗೆ ಹೋದರೆಂದರೂ ನಂಬಬಹುದು. ಹೆಂಡತಿ ಶಾಲೆಯಲ್ಲಿ ಲೆಕ್ಕ ಕಲಿಸುವವರು, ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. ಗಂಡನ ಮುಖ ನೋಡಿ ಸಂಗತಿ ಕೇಳಿದರು. ಡಾಕ್ಟರು ಹೇಳಿದರು.

"ಎಷ್ಟು ಸಾಲು ಬರೆದ್ರಿ?"

"ಒಂದೇ!"

"ಅಂದ್ರೆ ಉತ್ತರ ಬರೆದು ಕ್ರಮ ಬಿಟ್ರಿ. ನಮ್ಮ ಕ್ಲಾಸಲ್ಲಾದ್ರೆ ಅರ್ಧ ಮಾರ್ಕು" ಎಂದು ಅವರು ಕೆಂಪು ಪೆನ್ನು ಎತ್ತಿಕೊಂಡರು.

ಆ ಸ್ಲೈಡಿನ ಹೆಂಗಸು ಯಾರೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಮುಖ ಗೊತ್ತಿರಲಿಲ್ಲ ಎನ್ನಬೇಕು; ದನಿ ಗೊತ್ತಿತ್ತು. ಊರಿನಲ್ಲಿ ಬಸ್ಸು ಹತ್ತಿದವರಿಗೆಲ್ಲ ಗೊತ್ತಿತ್ತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು 'ಪ್ರಯಾಣಿಕರ ಗಮನಕ್ಕೆ' ಎಂದು ಶುರುಮಾಡಿ, ಹೊರಡುವ ಬಸ್ಸುಗಳನ್ನು ಹದಿನಾಲ್ಕು ವರ್ಷದಿಂದ ಕೂಗುತ್ತಿದ್ದವರು ಅವರು. ಕೂಗುತ್ತಿದ್ದರು ಎನ್ನಬಾರದು, ಕರೆಯುತ್ತಿದ್ದರು. ಹೊರಟ ಬಸ್ಸೂ ಆ ದನಿಗೆ ಒಂದು ಕ್ಷಣ ನಿಂತು ಹಿಂದೆ ನೋಡುತ್ತಿತ್ತೆಂದು ಡ್ರೈವರುಗಳು ಹೇಳುತ್ತಿದ್ದರು. ನಿಲ್ದಾಣದವರೆಲ್ಲ ಅವರನ್ನು ಮೈಕಿನಕ್ಕ ಎನ್ನುತ್ತಿದ್ದರು.

ಮೈಕಿನಕ್ಕನ ದವಡೆಯನ್ನು ಸರ್ಜನ್ ಕೆರೆದ. ಗಂಟಿನ ಜೊತೆ ಎರಡು ಹಲ್ಲೂ ಹೋದವು. ಹದಿನಾಲ್ಕು ತಿಂಗಳಿಗೆ ಅದೇ ಜಾಗದಲ್ಲಿ, ಸ್ವಲ್ಪ ಮುಂದಕ್ಕೆ, ಮತ್ತೆ ಊತ. ಮತ್ತೆ ಚೂರು, ಮತ್ತೆ ಸ್ಲೈಡು, ಮತ್ತೆ ಅದೇ ಮೇಜು. ಬಾಲದ ಡಾಕ್ಟರು ಆಗಿನ್ನೂ ಚಪ್ಪಾಳೆಯ ಅಮಲಿನಲ್ಲಿದ್ದರು, ರಿಪೋರ್ಟುಗಳನ್ನು ತಂತಿ ಕಳಿಸುವವರ ಹಾಗೆ ಬರೆಯುತ್ತಿದ್ದರು. 'ಹಿಂದಿನಂತೆಯೇ. ಹಿಂದಿನ ರಿಪೋರ್ಟು ನೋಡುವುದು' ಎಂದು ಬರೆದರು. ಹಿಂದಿನ ರಿಪೋರ್ಟಿನಲ್ಲಿ ನೋಡಲು ಏನಿತ್ತು?

ಈ ಸಲ ಸರ್ಜನ್ ಆಳಕ್ಕೆ ಕೆರೆದ. ಮುಂದಿನ ಮೂರು ಹಲ್ಲು ಹೋದವು, ಕೆಳತುಟಿಯ ಎಡ ಅರ್ಧಕ್ಕೆ ಸ್ಪರ್ಶ ಹೋಯಿತು. ಮೈಕಿನಕ್ಕನ ಮಾತಿನಲ್ಲಿ ಗಾಳಿ ಸೋರತೊಡಗಿತು. 'ಬಸ್ಸು' ಎಂದರೆ ಸೀಟಿ ಊದಿದ ಹಾಗಾಗುತ್ತಿತ್ತು. ಬಸ್ಸು ಎನ್ನದೆ ಬಸ್ ನಿಲ್ದಾಣದಲ್ಲಿ ಎಷ್ಟು ಹೊತ್ತು ಮಾತಾಡಬಹುದು? ಯಾರೋ ಮೂಗರ್ಜಿ ಕೊಟ್ಟರು. ನಿಲ್ದಾಣದ ಅಧಿಕಾರಿ ಕರೆದು, "ಅಕ್ಕಾ, ನಿಮಗೂ ವಿಶ್ರಾಂತಿ ಬೇಕಲ್ವಾ" ಎಂದು ಬಹಳ ಮರ್ಯಾದೆಯಿಂದ ಅವರನ್ನು ಪಾಸಿನ ಕೌಂಟರಿಗೆ ಹಾಕಿದ. ಅಲ್ಲಿ ಫೋಟೋ ಅಂಟಿಸಿ ಠಸ್ಸೆ ಒತ್ತುವ ಕೆಲಸ. ಗಾಜಿನ ಗೂಡಿಗೆ ಒಂದು ಯಂತ್ರ ಬಂತು.

ಅಷ್ಟು ಹೊತ್ತಿಗೆ ಮೈಕಿನಕ್ಕನಿಗೆ ಮಂಡಿ ನೋವು, ಸೊಂಟ ನೋವು, ಸುಸ್ತು, ಬಾವಿ ಬತ್ತಿಸುವಂಥ ಬಾಯಾರಿಕೆ. ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲು. "ಕೂತು ಮಾತಾಡೋ ಕೆಲಸದವಳಿಗೆ ಮಂಡಿ ಯಾಕೆ ಸವೀತು?" ಎಂದು ಗಂಡ ಕೇಳಿದರೆ, "ನಿಮ್ಮ ಮಾತು ಕೇಳಿ ಕೇಳಿ" ಎಂದು ಇವರು ಹೇಳುತ್ತಿದ್ದರು. ಕಲ್ಲಿನ ಡಾಕ್ಟರು ಕಲ್ಲು ನೋಡಿದರು, ಮಂಡಿಯ ಡಾಕ್ಟರು ಮಂಡಿ ನೋಡಿದರು, ದವಡೆಯವರು ದವಡೆ ಕೆರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ಕುತ್ತಿಗೆಯಲ್ಲಿ ಆರಾಮಾಗಿ ಮೇಯುತ್ತಿತ್ತು.

ಮೂರನೇ ಸ್ಲೈಡು ಬಂದದ್ದು ಇನ್ನೂ ಒಂದೂವರೆ ವರ್ಷದ ಮೇಲೆ. ಲ್ಯಾಬಿನಕ್ಕ ಅದನ್ನು ಮೇಜಿನ ಮೇಲಿಟ್ಟು ಹೋಗದೆ ಅಲ್ಲೇ ನಿಂತರು.

"ಸರ್, ಈ ಹೆಸರು ನಂಗೆ ಬಾಯಿಪಾಠ ಆಗಿದೆ. ಮೂರನೇ ಸಲ ಬರ್ತಿದಾರೆ."

"ಕೆಲವು ಹಾಗೇ ಮರುಕಳಿಸುತ್ತೆ."

"ಮರುಕಳಿಸಿದ್ರೆ ಅದೇ ಜಾಗಕ್ಕೆ ಬರ್ಬೇಕಲ್ವಾ ಸರ್? ಇದು ಮೇಲಿನ ದವಡೆ. ಬಲಗಡೆ. ಗಂಟೇನು ಮನೆ ಬದಲಾಯಿಸ್ತಾ?"

ಬಾಲದ ಡಾಕ್ಟರು ಕುರ್ಚಿಯಿಂದ ಎದ್ದ ರಭಸಕ್ಕೆ ಟೀ ಲೋಟ ಉರುಳಿತು. ಅವರು ರೋಗಿಗಳ ವಾರ್ಡಿಗೆ ಹೋಗುವವರೇ ಅಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವರು ಕಂಡ ರೋಗಿಗಳೆಲ್ಲ ಗಾಜಿನ ಮೇಲೆ ಅಂಟಿಸಿದ ಉಗುರಿನಗಲದವರು. ಆವತ್ತು ಎರಡೆರಡು ಮೆಟ್ಟಿಲು ಹಾರಿ ಇಳಿದು, ಹಾಸಿಗೆ ಸಂಖ್ಯೆ ಹುಡುಕಿ ನಿಂತರು. ಗೋಡೆ ಹಿಡಿದುಕೊಂಡು ಬಾತುಕೋಳಿಯ ಹಾಗೆ ಹೆಜ್ಜೆ ಹಾಕುತ್ತ ಒಬ್ಬ ಹೆಂಗಸು ಬಂದು, ಮಂಚದ ಮೇಲೆ ಕೂತು, ಎರಡು ಲೀಟರಿನ ಬಾಟಲಿ ಎತ್ತಿ ಗಟಗಟ ಅರ್ಧ ಖಾಲಿ ಮಾಡಿದರು.

"ಅಮ್ಮಾ, ನಿಮಗೆ ಯಾವಾಗಾದ್ರೂ ಕಿಡ್ನೀಲಿ ಕಲ್ಲಾಗಿತ್ತಾ?"

"ಎರಡು ಸಲ. ನಿಮಗೆ ಹೇಗೆ ಗೊತ್ತಾಯ್ತು ಡಾಕ್ಟ್ರೇ?"

ಸಂಜೆಯೊಳಗೆ ರಕ್ತದ ವರದಿ ಬಂತು. ಕ್ಯಾಲ್ಸಿಯಂ ಎಲ್ಲಿರಬೇಕಿತ್ತೋ ಅಲ್ಲಿಂದ ಬಹಳ ಮೇಲೆ. ಮರುವಾರ ಬೇರೆ ಆಸ್ಪತ್ರೆಯಲ್ಲಿ ಕುತ್ತಿಗೆಯಿಂದ ಹುಣಸೆಬೀಜದಷ್ಟು ದೊಡ್ಡದಾಗಿದ್ದ ಒಂದು ಗ್ರಂಥಿಯನ್ನು ತೆಗೆದರು. ಮಂಡಿ ಮೂರು ತಿಂಗಳಲ್ಲಿ ಮಾತು ಕೇಳಿತು. ಮೇಲಿನ ದವಡೆಯ ಗಂಟನ್ನು ಯಾರೂ ಮುಟ್ಟಲಿಲ್ಲ. ಅದು ತಿಂಗಳಿಂದ ತಿಂಗಳಿಗೆ ಕುಗ್ಗಿ, ವರ್ಷ ತುಂಬುವಷ್ಟರಲ್ಲಿ ಆ ಕಪ್ಪು ಮಚ್ಚೆಯಲ್ಲಿ ಬಿಳಿ ಮೂಳೆ ತಾನಾಗಿಯೇ ಬೆಳೆದು ನಿಂತಿತು. ಆ ಎಕ್ಸ್‌ರೇಯನ್ನು ಎಲ್ಲರೂ ಸಂತೋಷದಿಂದ ನೋಡಿದರು. ಬಾಲದ ಡಾಕ್ಟರೊಬ್ಬರೇ ಅದನ್ನು ಬೇರೆ ಥರ ಓದಿದರು: ಮುಟ್ಟದಿದ್ದರೆ ಕೆಳದವಡೆಯೂ ಹೀಗೇ ತುಂಬಿಕೊಳ್ಳುತ್ತಿತ್ತು. ಐದೂ ಹಲ್ಲು ಇರುತ್ತಿದ್ದವು.

ಆದರೆ ಕಥೆಗೆ ಕಾಲು ಬಂದಿತ್ತು. ಬಾಲದ ಡಾಕ್ಟರು ಒಂದು ನೀರಿನ ಬಾಟಲಿ ನೋಡಿ ಕುತ್ತಿಗೆಯೊಳಗಿನ ಕಾಳನ್ನು ಕಂಡುಹಿಡಿದರಂತೆ! ಸರ್ಜನ್ ಇದನ್ನು ಒಂದು ಸಮ್ಮೇಳನದಲ್ಲಿ ಓದಿದ. ಅವನ ಕಥೆ ಮೂರನೇ ಸ್ಲೈಡಿನಿಂದ ಶುರುವಾಗುತ್ತಿತ್ತು. "ಮೊದಲನೇದನ್ನೂ ಸೇರಿಸೋ" ಎಂದು ಡಾಕ್ಟರು ಕೇಳಿಕೊಂಡರು.

"ಆರಿದ ಗಾಯ ಯಾಕೋ ಕೆರೀತೀಯ? ಅವರಿಗೆ ವಾಸಿ ಆಗಿದೆಯಲ್ಲ" ಎಂದ ಸರ್ಜನ್. ಫಾರಮಿನ ಖಾಲಿ ಜಾಗ ಅವನಿಗೂ ನೆನಪಿತ್ತು ಎಂದು ಕಾಣುತ್ತದೆ. ದನಿಯಲ್ಲಿ ಡಂಗುರ ಇರಲಿಲ್ಲ.

ಅಂದಿನಿಂದ ಬಾಲ ವಾಪಸು ಬಂತು, ಮೊದಲಿಗಿಂತ ಉದ್ದವಾಗಿ. ಈಗ ಯಾರೂ ನಗುತ್ತಿರಲಿಲ್ಲ. ಹೊಸದಾಗಿ ಸೇರಿದ ಡಾಕ್ಟರುಗಳು ಅದನ್ನು ಅಂಡರ್‌ಲೈನ್ ಮಾಡಿಕೊಂಡು ಓದುತ್ತಿದ್ದರು. ಮೈಕಿನಕ್ಕ ಪ್ರತಿ ವರ್ಷ ಎಕ್ಸ್‌ರೇ ತೆಗೆಸಲು ಬಂದವರು ಮೂರನೇ ಮಹಡಿ ಹತ್ತಿ, ಒಂದು ಪೊಟ್ಟಣ ಬಿಸ್ಕತ್ತು ಮೇಜಿನ ಮೇಲಿಟ್ಟು, "ನೀವಿಲ್ಲದಿದ್ರೆ ನಾನು ಇವತ್ತು ಗೋಡೆ ಮೇಲಿನ ಫೋಟೋ" ಎನ್ನುತ್ತಿದ್ದರು. ಬಾಲದ ಡಾಕ್ಟರು ಪ್ರತಿ ವರ್ಷ ಇಂದು ಹೇಳಿಬಿಡಬೇಕು ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪ್ರತಿ ವರ್ಷ ಏನೋ ಒಂದು ಅಡ್ಡ ಬರುತ್ತಿತ್ತು: ಒಂದು ವರ್ಷ ಟೀ, ಒಂದು ವರ್ಷ ಫೋನು, ಒಂದು ವರ್ಷ ಮೈಕಿನಕ್ಕನ ಮಗಳ ಪರೀಕ್ಷೆಯ ಫಲಿತಾಂಶ. ಏನೂ ಅಡ್ಡ ಬರದ ವರ್ಷ ಅವರು ತಾವೇ ಬಿಸ್ಕತ್ತು ಬಾಯಿಗೆ ಹಾಕಿಕೊಂಡರು. ಹೀಗೆ ಏಳು ಪೊಟ್ಟಣ ಬಿಸ್ಕತ್ತು ಅವರ ಹೊಟ್ಟೆ ಸೇರಿತು. ಒಂದೂ ಮೈಗೆ ಹತ್ತಲಿಲ್ಲ.

ಎಂಟನೇ ವರ್ಷ ನಿವೃತ್ತಿ. ಸರ್ಜನ್ ಬೀಳ್ಕೊಡುಗೆಯ ಸಮಾರಂಭಕ್ಕೆ ಟೊಂಕ ಕಟ್ಟಿ ನಿಂತ. ಎರಡು ದಿನ ಮುಂಚೆ ಬಂದು, "ನಿನಗೊಂದು ಆಶ್ಚರ್ಯ ಇಟ್ಟಿದ್ದೆ, ಹೊಟ್ಟೇಲಿ ನಿಲ್ತಿಲ್ಲ. ನಿನ್ನ ಬಗ್ಗೆ ಮಾತಾಡೋಕೆ ಮೈಕಿನಕ್ಕ ಒಪ್ಪಿದಾರೆ" ಎಂದ.

ಮೈಕಿನಕ್ಕ ಕಾಯಿಲೆಯ ನಂತರ ಮೈಕು ಮುಟ್ಟಿದವರಲ್ಲ. ಮಗಳ ಶಾಲೆಯವರು ಕರೆದರೂ, ನಿಲ್ದಾಣದವರು ಬೇಡಿಕೊಂಡರೂ, ಕೃತಕ ಹಲ್ಲು ಕಟ್ಟಿಸಿಕೊಂಡ ಮೇಲೂ ಇಲ್ಲವೇ ಇಲ್ಲ ಎಂದಿದ್ದರು. ಈಗ ಈ ಒಬ್ಬ ಮನುಷ್ಯನಿಗಾಗಿ ಒಪ್ಪಿದ್ದರು. ಪಾಸಿನ ಕೌಂಟರಿನಲ್ಲಿ ಜನ ಕಡಿಮೆಯಿದ್ದಾಗ ಒಂದು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದಾರೆಂದೂ ಸರ್ಜನ್ ಹೇಳಿದ.

ಸಮಾರಂಭದ ದಿನ ಬೆಳಿಗ್ಗೆ ಬಾಲದ ಡಾಕ್ಟರು ಒಂದೇ ಷೂಗೆ ಮೂರು ಸಲ ಲೇಸು ಕಟ್ಟಿದರು. ವಿಷಯವೆಲ್ಲ ಗೊತ್ತಿದ್ದ ಹೆಂಡತಿ ನೋಡುತ್ತಿದ್ದರು.

"ಹೇಳ್ತೀರಾ ಇಲ್ವಾ?"

"ಮೊದಲೇ ಹೇಳಿದ್ರೆ ಅವರು ಮೈಕು ಹಿಡಿಯೋದಿಲ್ಲ ಕಣೇ. ಎರಡನೇ ಸಲ ಕಿತ್ಕೊಂಡ ಹಾಗಾಗುತ್ತೆ."

"ಆಮೇಲೆ ಹೇಳಿದ್ರೆ?"

"ಚೆನ್ನಾಗಿ ಹೊಗಳಿಸ್ಕೊಂಡು, ಚಪ್ಪಾಳೆ ಹೊಡೆಸ್ಕೊಂಡು, ಆಮೇಲೆ ಹೇಳಿದ ಅಂತಾರೆ. ಮುಖಕ್ಕೆ ಉಗೀತಾರೆ."

"ಎರಡರಲ್ಲಿ ಯಾವುದರಿಂದ ನಿಮಗೆ ಜಾಸ್ತಿ ಕಷ್ಟ?"

ಡಾಕ್ಟರು ಲೇಸಿನ ಗಂಟು ಬಿಗಿದು, "ಎರಡನೇದು" ಎಂದರು.

"ಹಾಗಾದ್ರೆ ಅದೇ ಸರಿಯುತ್ತರ. ಹೊರಡಿ" ಎಂದು ಹೆಂಡತಿ ಬಾಗಿಲು ತೆಗೆದರು.

ಸಭಾಂಗಣ ತುಂಬಿತ್ತು. ಸರ್ಜನ್ ಮಾತಾಡಿದ, ಮುಖ್ಯಸ್ಥರು ಮಾತಾಡಿದರು, ಲ್ಯಾಬಿನಕ್ಕ 'ಸರ್ ಕೋಪ ಮಾಡ್ಕೊಳ್ಳೋಕೆ ಬರದ ಒಳ್ಳೆ ಮನುಷ್ಯ' ಎಂದು ಎರಡೇ ಮಾತಾಡಿ ಕೂತರು. ಆಮೇಲೆ ಮೈಕಿನಕ್ಕ ಎದ್ದರು. ಇಸ್ತ್ರಿಯ ಗೆರೆ ಮುರಿಯದ ನೀಲಿ ಸೀರೆ, ಕೈಯಲ್ಲಿ ಚೀಟಿ. ಮೈಕನ್ನು ಹಳೆಯ ಅಭ್ಯಾಸದಿಂದ ಒಂದು ಬೆರಳಷ್ಟು ಕೆಳಗಿಳಿಸಿಕೊಂಡರು. ಚೀಟಿ ನೋಡಿದರು, ಮಡಿಸಿಟ್ಟರು.

"ಸಭೆಯಲ್ಲಿರೋ ಎಲ್ಲರ ಗಮನಕ್ಕೆ" ಎಂದರು. 'ಸಭೆ'ಯಲ್ಲಿ ಗಾಳಿ ಸೋರಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮೈಕಿನಕ್ಕ ನಿಲ್ಲಲಿಲ್ಲ. ಸೋರುವುದನ್ನು ಸೋರಗೊಟ್ಟು, ಒಂದೊಂದು ಮಾತನ್ನೂ ಅದರದರ ಪ್ಲಾಟ್‌ಫಾರಮ್ಮಿಗೆ ತಂದು ನಿಲ್ಲಿಸಿದರು. ಎರಡು ನಿಮಿಷಕ್ಕೆ ಸಭೆ ಸೋರುವಿಕೆಯನ್ನು ಮರೆತಿತು. ಆ ಕೆಳಗಿನ, ದುಂಡನೆಯ, ಅವಸರವಿಲ್ಲದ ದನಿ ಹಾಗೇ ಇತ್ತು. ತಮ್ಮ ಮಂಡಿ, ಕಲ್ಲು, ಬಾಟಲಿ ಎಲ್ಲವನ್ನೂ ಹೇಳಿ ನಗಿಸಿದರು. "ಎಲ್ಲಾ ಡಾಕ್ಟ್ರುಗಳೂ ನನ್ನ ಒಂದೊಂದು ಬಿಡಿಭಾಗ ನೋಡಿದ್ರು. ಇವರೊಬ್ರೇ ನನ್ನನ್ನ ನೋಡಿದ್ರು" ಎಂದಾಗ ಸಭಾಂಗಣ ಎದ್ದು ನಿಂತಿತು. ಬಾಲದ ಡಾಕ್ಟರು ವೇದಿಕೆಯ ಮೇಲೆ ಕೊರಳಿನ ಹಾರದೊಳಗೆ ಕೂತು, ಪ್ರತಿ ಚಪ್ಪಾಳೆಯನ್ನೂ ಕೆನ್ನೆಗೆ ಬಿದ್ದ ಏಟಿನ ಹಾಗೆ ಎಣಿಸಿಕೊಂಡರು. ಉತ್ತರವಾಗಿ ಎರಡು ಮಾತಾಡಿ ಎಂದರೆ 'ಎಲ್ಲರಿಗೂ ವಂದನೆ' ಎಂದಷ್ಟೇ ಹೇಳಿದರು. ಎಂಥ ವಿನಯ ಎಂದು ಮತ್ತೆ ಚಪ್ಪಾಳೆ ಬಿತ್ತು.

ಐದು ಗಂಟೆಗೆ ಎಲ್ಲರೂ ಹೋದ ಮೇಲೆ ಅವರು ಮೈಕಿನಕ್ಕನನ್ನು ಮೂರನೇ ಮಹಡಿಗೆ ಕರೆದರು. ಕಪಾಟು ಖಾಲಿಯಾಗಿತ್ತು, ಮೈಕ್ರೋಸ್ಕೋಪಿಗೆ ಮುಸುಕು ಹಾಕಿತ್ತು. ಮೇಜಿನ ಮೇಲೆ ಒಂದೇ ಒಂದು ಫೈಲು. ಡಾಕ್ಟರು ಒಂದು ವಾರದಿಂದ ಕಲಿತು ತಂದಿದ್ದ ಭಾಷಣವಿತ್ತು. ಅದರಲ್ಲಿ ಅವಳಿ ಗಂಟುಗಳ ಶಾಸ್ತ್ರವಿತ್ತು, ನೂರಕ್ಕೆ ತೊಂಬತ್ತೈದರ ಲೆಕ್ಕವಿತ್ತು, ಮನುಷ್ಯ ಸಹಜ ದೋಷಗಳ ಬಗ್ಗೆ ಒಂದು ಪ್ಯಾರಾ ಇತ್ತು. ಎದುರಿಗೆ ಕೂತ ಮುಖ ನೋಡಿದ್ದೇ ಎಲ್ಲವೂ ಉದುರಿಹೋಯಿತು. ಫೈಲು ತೆರೆದು ಒಂದು ಹಾಳೆಯನ್ನು ಮುಂದಕ್ಕೆ ತಳ್ಳಿದರು.

"ಇದು ನಿಮ್ಮ ಮೊದಲನೇ ರಿಪೋರ್ಟು. ನಾನೇ ಬರೆದದ್ದು."

ಮೈಕಿನಕ್ಕ ಓದಿದರು. "ಒಂದೇ ಸಾಲಿದೆ."

"ಕೆಳಗೆ ಇನ್ನೊಂದು ಇರಬೇಕಿತ್ತು. ರಕ್ತದ ಕ್ಯಾಲ್ಸಿಯಂ ನೋಡಿ ಅಂತ. ಎಲ್ಲರಿಗೂ ಬರೀತಿದ್ದೆ. ನಿಮಗೆ ಬರೀಲಿಲ್ಲ. ಎರಡನೇ ಸಲವೂ ಬರೀಲಿಲ್ಲ."

"ಬರೆದಿದ್ರೆ?"

"ಒಂದು ಚಮಚ ರಕ್ತ ತೆಗೀತಿದ್ರು. ಅವತ್ತೇ ಗೊತ್ತಾಗ್ತಿತ್ತು. ಕುತ್ತಿಗೆ ಆಪರೇಷನ್ ಒಂದೇ ಆಗ್ತಿತ್ತು."

"ಹಲ್ಲು?"

"ಇರ್ತಿದ್ವು."

ಮೈಕಿನಕ್ಕ ಕೆಳತುಟಿಯ ಎಡಭಾಗವನ್ನು ಬೆರಳಿನಿಂದ ಮುಟ್ಟಿಕೊಂಡರು. ಅಲ್ಲಿ ಬೆರಳಿಗೆ ತುಟಿ ಗೊತ್ತಾಗುತ್ತಿತ್ತು, ತುಟಿಗೆ ಬೆರಳು ಗೊತ್ತಾಗುತ್ತಿರಲಿಲ್ಲ. ಅವರು ಮುಂದಿನ ಪ್ರಶ್ನೆ ಕೇಳಲಿಲ್ಲ. ಆ ಕೇಳದ ಪ್ರಶ್ನೆಗೂ ಡಾಕ್ಟರು ಹೌದೆಂದು ತಲೆಯಾಡಿಸಿದರು.

"ಇದನ್ನ ಬೆಳಿಗ್ಗೆ ಹೇಳಬಹುದಿತ್ತಲ್ಲ ಡಾಕ್ಟ್ರೇ? ನಾನು ಅಷ್ಟು ಜನದ ಮುಂದೆ..."

"ಹೇಳಬಹುದಿತ್ತು. ಏಳು ವರ್ಷದಿಂದ ಹೇಳಬಹುದಿತ್ತು."

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಹೊರಟಿತು. ಮೈಕಿನಕ್ಕ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲಿಯಾದರೂ ಆ ಸಾಲು ಇರಬಹುದೇನೋ ಎಂಬಂತೆ. ಆಮೇಲೆ, ಸಿಟ್ಟಾಗಬೇಕೆಂದು ಹೊರಟವರು ದಾರಿಯಲ್ಲಿ ದಣಿದು ನಿಂತ ಹಾಗೆ, ಒಂದೊಂದೇ ನೆಪವನ್ನು ತಾವೇ ಎತ್ತಿ ಅವರ ಮುಂದಿಟ್ಟರು.

"ಅವತ್ತು ಕೆಲಸ ತುಂಬಾ ಇತ್ತಾ?"

"ಇಲ್ಲ. ಮೂರೇ ಸ್ಲೈಡು."

"ಮೈಯಲ್ಲಿ ಹುಷಾರಿರಲಿಲ್ವಾ? ಮನೇಲೇನಾದ್ರೂ ಕಷ್ಟ?"

"ಚೆನ್ನಾಗಿದ್ವಿ."

"ಮರೆತುಹೋಯ್ತಾ ಹಾಗಾದ್ರೆ?"

"ಇಲ್ಲ. ನೆನಪಿತ್ತು."

"ಮತ್ತೆ ಯಾಕೆ ಬರೀಲಿಲ್ಲ?"

ಬಾಲದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಗ್ತಾರೆ ಅಂತ."